ಯೀಸ್ಟಿಗೆ ಮೇವೋ, ಕರುಳಿಗೆ ಕಾವಲೋ?

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯಲ್ಲಾಗಲಿ, ಆಚೀಚೆಯ ತಿಪಟೂರು, ತುರುವೇಕೆರೆಗಳಲ್ಲಾಗಲಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು ಉಂಡೆ ಕೊಬ್ಬರಿ ಮಾಡುವುದು ವಾಡಿಕೆ. ಒಳಗಿನ ನೀರು ಮೆಲ್ಲಮೆಲ್ಲಗೆ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಕಾಯಿಯನ್ನು ಅಲ್ಲಾಡಿಸಿದರೆ ಲೊಡಲೊಡ ಸದ್ದಾಗುತ್ತದೆ. ಆದರೆ ಚಿಪ್ಪು ಬಿರುಕು ಬಿಟ್ಟ ಕಾಯಿ ಬೂಷ್ಟು ಹಿಡಿದು ಕೆಡುತ್ತದೆ. ಬೂಷ್ಟಿನ ಬೀಜಕಣಗಳು ಅಟ್ಟದ ಗಾಳಿಯಲ್ಲಿ ಎಲ್ಲ ಕಾಯಿಗಳ ಸುತ್ತಲೂ ಇರುತ್ತವೆ. ಕೊಬ್ಬರಿ ಎಂಬ ಆಹಾರವೂ ಎಲ್ಲ ಕಾಯಿಗಳಲ್ಲಿ ಇರುತ್ತದೆ. ಬೂಷ್ಟು ಬೆಳೆಯುವುದು ಮಾತ್ರ ಕಾವಲು ತಪ್ಪಿದ ಕಾಯಿಯಲ್ಲಿ.

ಮನುಷ್ಯನ ದೇಹದಲ್ಲಿ ವಾಸಿಸುವ ಯೀಸ್ಟಿನ ಕಥೆಯೂ ಬಹುಮಟ್ಟಿಗೆ ಹೀಗೆಯೇ. ಈಚಿನ ವರ್ಷಗಳಲ್ಲಿ ಔಷಧಿ ಅಂಗಡಿಗಳಲ್ಲೂ ಮೊಬೈಲ್ ಜಾಹೀರಾತುಗಳಲ್ಲೂ ‘ಪ್ರಿಬಯಾಟಿಕ್’ ಎಂಬ ಪುಡಿ, ಮಾತ್ರೆಗಳು ಕಾಣಿಸುತ್ತಿವೆ. ಯೀಸ್ಟ್ ಹೆಚ್ಚಾದವರು ಇವನ್ನು ಸೇವಿಸಬಹುದೇ? ‘ಅದು ಯೀಸ್ಟಿಗೇ ಮೇವು, ಮುಟ್ಟಬೇಡಿ’ ಎನ್ನುವವರಿದ್ದಾರೆ. ‘ಅದರಿಂದಲೇ ಯೀಸ್ಟ್ ನಾಶ’ ಎನ್ನುವವರೂ ಇದ್ದಾರೆ. ಯಾರ ಮಾತು ನಿಜ?

ಮನೆಯೊಳಗಿನ ಬಾಡಿಗೆದಾರ

ಯೀಸ್ಟ್ ಎಂಬುದು ಏಕಕೋಶದ ಶಿಲೀಂಧ್ರ. ಬ್ರೆಡ್ಡನ್ನು ಉಬ್ಬಿಸುವುದೂ, ನೀರಾ ಹುಳಿಯೇರಿ ಹೆಂಡವಾಗುವಂತೆ ಮಾಡುವುದೂ ಇದರ ಜಾತಿಗಳೇ. ದೇಹಕ್ಕೆ ಸಂಬಂಧಿಸಿದ ಮುಖ್ಯ ಜಾತಿ ಕ್ಯಾಂಡಿಡಾ ಆಲ್ಬಿಕನ್ಸ್. ಆರೋಗ್ಯವಂತರಾದ ಎಷ್ಟೋ ಜನರ ಬಾಯಿ, ಕರುಳುಗಳಲ್ಲಿ ಇದು ಸದ್ದಿಲ್ಲದೆ ವಾಸಿಸುತ್ತದೆ. ಇದು ಇದೆ ಎಂದ ಮಾತ್ರಕ್ಕೆ ಕಾಯಿಲೆಯಲ್ಲ.

ಕಾವಲು ಸಡಿಲವಾದಾಗ ಮಾತ್ರ ಇದು ಮಿತಿಮೀರಿ ಬೆಳೆಯುತ್ತದೆ. ಬ್ಯಾಕ್ಟೀರಿಯ ಕೊಲ್ಲುವ ಆಂಟಿಬಯಾಟಿಕ್ ಔಷಧಿಗಳು ಯೀಸ್ಟನ್ನು ಕೊಲ್ಲುವುದಿಲ್ಲ. ಅದರ ಪೈಪೋಟಿಗಾರರನ್ನು ಮಾತ್ರ ತೆರವು ಮಾಡುತ್ತವೆ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಗರ್ಭಾವಸ್ಥೆ, ಉಬ್ಬಸಕ್ಕೆ ಎಳೆದುಕೊಳ್ಳುವ ಸ್ಟೀರಾಯ್ಡ್ ಔಷಧಿ, ಕೃತಕ ಹಲ್ಲುಸೆಟ್ಟು, ರೋಗನಿರೋಧಕ ಶಕ್ತಿಯ ಕುಸಿತ ಇವೂ ಕಾರಣಗಳು. ಆಗ ನಾಲಿಗೆಯ ಮೇಲೆ ಬಿಳಿಯ ಪದರ ಕಟ್ಟಬಹುದು. ಹೆಣ್ಣುಮಕ್ಕಳಲ್ಲಿ ಗುಪ್ತಾಂಗದ ತುರಿಕೆ, ಮೊಸರಿನ ಗರಣೆಯಂಥ ಬಿಳಿಸ್ರಾವ ಕಾಣಿಸಬಹುದು.

ಪ್ರಿಬಯಾಟಿಕ್ ಎಂದರೇನು?

1995ರಲ್ಲಿ ಗ್ಲೆನ್ ಗಿಬ್ಸನ್ ಮತ್ತು ಮಾರ್ಸೆಲ್ ರಾಬರ್‌ಫ್ರಾಯ್ಡ್ ಎಂಬ ವಿಜ್ಞಾನಿಗಳು ಈ ಪದವನ್ನು ಬಳಕೆಗೆ ತಂದರು. ಮನುಷ್ಯ ಜೀರ್ಣಿಸಿಕೊಳ್ಳಲಾರದ, ಆದರೆ ದೊಡ್ಡ ಕರುಳಿನ ಉಪಕಾರಿ ಬ್ಯಾಕ್ಟೀರಿಯಗಳಿಗೆ ಆಹಾರವಾಗುವ ವಸ್ತುವೇ ಪ್ರಿಬಯಾಟಿಕ್. ಹೆಸರಿನಲ್ಲಿ ಹತ್ತಿರವಿದ್ದರೂ ‘ಪ್ರೋಬಯಾಟಿಕ್’ ಬೇರೆ. ಅದು ಜೀವಂತ ಸೂಕ್ಷ್ಮಜೀವಿ. ಇದು ಅವುಗಳ ಮೇವು.

ಪ್ರಿಬಯಾಟಿಕ್‌ಗಳಲ್ಲಿ ಪ್ರಸಿದ್ಧವಾದದ್ದು ಇನ್ಯುಲಿನ್. (ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಅಲ್ಲ!) ಫ್ರಕ್ಟೋಸ್ ಎಂಬ ಸಕ್ಕರೆಯ ಕೊಂಡಿಗಳು ಸರಪಳಿಯಂತೆ ಜೋಡಿಸಿಕೊಂಡು ಇದು ಆಗಿದೆ. ಬೆಳ್ಳುಳ್ಳಿ, ಈರುಳ್ಳಿಗಳಲ್ಲಿ ಇದೆ. ಕಾರ್ಖಾನೆಗಳು ಇದನ್ನು ಹೆಚ್ಚಾಗಿ ತೆಗೆಯುವುದು ಚಿಕೋರಿ ಗೆಡ್ಡೆಯಿಂದ. ಕಾಫಿಪುಡಿಗೆ ಬೆರೆಸುವುದೂ ಇದೇ ಚಿಕೋರಿ. ಆದರೆ ಹುರಿದಾಗ ಇನ್ಯುಲಿನ್ ಬಹಳಷ್ಟು ಒಡೆದುಹೋಗುವುದರಿಂದ ಕಾಫಿಯನ್ನು ಪ್ರಿಬಯಾಟಿಕ್ ಎಂದು ಎರಡು ಲೋಟ ಹೆಚ್ಚು ಕುಡಿಯಬೇಕಾಗಿಲ್ಲ.

ಬೀಗಕ್ಕೆ ತಕ್ಕ ಕೀಲಿ

‘ಇನ್ಯುಲಿನ್ ಸಕ್ಕರೆಯಿಂದಲೇ ಆಗಿದೆ, ಯೀಸ್ಟಿಗೆ ಸಕ್ಕರೆ ಇಷ್ಟ, ಆದ್ದರಿಂದ ಇನ್ಯುಲಿನ್ ಯೀಸ್ಟಿನ ಮೇವು’ ಎಂಬ ತರ್ಕ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ಸರಪಳಿಯನ್ನು ಕಡಿಯದೆ ಕೊಂಡಿ ಕೈಗೆ ಸಿಗದು. ಕಡಿಯಲು ತಕ್ಕ ಕಿಣ್ವ ಬೇಕು. ಮನುಷ್ಯನಲ್ಲಿ ಆ ಕಿಣ್ವ ಇಲ್ಲ. ಕ್ಯಾಂಡಿಡಾ ಆಲ್ಬಿಕನ್ಸ್ ಕೂಡ ಸಾಮಾನ್ಯವಾಗಿ ಇನ್ಯುಲಿನ್ನನ್ನು ಬಳಸಿಕೊಳ್ಳಲಾರದು. ಬೈಫಿಡೊಬ್ಯಾಕ್ಟೀರಿಯ ಮುಂತಾದ ಬ್ಯಾಕ್ಟೀರಿಯಗಳ ಬಳಿ ಆ ಕೀಲಿ ಇದೆ. ಹಾಗೆಂದು ಎಲ್ಲ ಯೀಸ್ಟುಗಳೂ ಒಂದೇ ಅಲ್ಲ. ಕ್ಯಾಂಡಿಡಾ ಕೆಫಿರ್ ಎಂಬ ಜಾತಿ ಇನ್ಯುಲಿನ್ನನ್ನು ಒಡೆಯಬಲ್ಲದು. ಆದರೆ ತೊಂದರೆ ಕೊಡುವ ಯೀಸ್ಟುಗಳಲ್ಲಿ ಅದರ ಪಾಲು ಅಲ್ಪ.

ಈ ಮೇವನ್ನು ತಿಂದ ಬ್ಯಾಕ್ಟೀರಿಯಗಳು ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳನ್ನು ತಯಾರಿಸುತ್ತವೆ. ದುಂಡಗಿನ ಕ್ಯಾಂಡಿಡಾ ಕೋಶಗಳು ಎಳೆಯಂತೆ ಉದ್ದವಾಗಿ ಬೆಳೆದಾಗ ಅಂಗಾಂಶದೊಳಕ್ಕೆ ನುಗ್ಗುತ್ತವೆ. ಬ್ಯುಟಿರಿಕ್ ಆಮ್ಲ ಹೀಗೆ ಎಳೆಯಾಗುವುದನ್ನು ತಡೆಯುತ್ತದೆ ಎಂದು 2004ರಲ್ಲಿ ಪ್ರಯೋಗಾಲಯದಲ್ಲಿ ಕಂಡುಬಂದಿತು. 2015ರಲ್ಲಿ ಅಮೆರಿಕದ ಟೆಕ್ಸಾಸ್‌ನ ಸಂಶೋಧಕರು, ಕರುಳಿನ ಕೆಲವು ಬ್ಯಾಕ್ಟೀರಿಯಗಳು ಇಲಿಗಳಲ್ಲಿ ಕ್ಯಾಂಡಿಡಾ ನೆಲೆಯೂರದಂತೆ ಕಾಯುವುದನ್ನು ತೋರಿಸಿದರು. ಅಂದರೆ ಪ್ರಿಬಯಾಟಿಕ್ ಯೀಸ್ಟಿನ ಮೇವು ಎನ್ನುವುದಕ್ಕಿಂತ ಅದರ ಕಾವಲುಗಾರರ ಮೇವು ಎನ್ನುವುದೇ ಸತ್ಯಕ್ಕೆ ಹತ್ತಿರ.

ಆದರೆ ಗಾಜಿನ ನಳಿಗೆಯಲ್ಲಿ ಕಂಡದ್ದು, ಇಲಿಯಲ್ಲಿ ಕಂಡದ್ದು ಮನುಷ್ಯನಿಗೆ ಚಿಕಿತ್ಸೆಯಾಗಿಬಿಡುವುದಿಲ್ಲ. ತೆಂಗಿನ ನಾಡಿನವರಿಗೆ ಹೆಮ್ಮೆ ತರುವ ಉದಾಹರಣೆಯೊಂದಿದೆ. 2015ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು ಇಲಿಗಳಿಗೆ ಕೊಬ್ಬರಿ ಎಣ್ಣೆ ಬೆರೆಸಿದ ಆಹಾರ ಕೊಟ್ಟಾಗ, ದನದ ಕೊಬ್ಬು ಅಥವಾ ಸೋಯಾ ಎಣ್ಣೆ ತಿಂದ ಇಲಿಗಳಿಗಿಂತ ಅವುಗಳ ಜಠರದಲ್ಲಿ ಕ್ಯಾಂಡಿಡಾ ಕಡಿಮೆಯಿತ್ತು. ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಲಾರಿಕ್ ಆಮ್ಲ. ಹಾಗೆಂದು ಚಮಚಗಟ್ಟಲೆ ಎಣ್ಣೆ ಕುಡಿದರೆ ಯೀಸ್ಟ್ ಸೋಂಕು ಗುಣವಾಗುತ್ತದೆಂದು ಯಾರೂ ಭಾವಿಸಬಾರದು. ಪ್ರಿಬಯಾಟಿಕ್‌ಗೂ ಇದೇ ಮಾತು ಅನ್ವಯ.

ಉಬ್ಬರವೆಲ್ಲ ಯೀಸ್ಟ್ ಅಲ್ಲ

ಪುಡಿ ಸೇವಿಸಿದ ಕೆಲವರಿಗೆ ಹೊಟ್ಟೆ ಉಬ್ಬರಿಸಿ ವಾಯು ಹೆಚ್ಚುತ್ತದೆ. ‘ಯೀಸ್ಟ್ ಹೆಚ್ಚಿತು’ ಎಂದು ಒಬ್ಬರು, ‘ಯೀಸ್ಟ್ ಸಾಯುತ್ತಿದೆ’ ಎಂದು ಇನ್ನೊಬ್ಬರು ಹೇಳುತ್ತಾರೆ. ಸಾಮಾನ್ಯವಾಗಿ ಎರಡೂ ಅಲ್ಲ. ಬ್ಯಾಕ್ಟೀರಿಯಗಳು ಇನ್ಯುಲಿನ್ನನ್ನು ಹುದುಗಿಸುವಾಗ ಅನಿಲ ಬಿಡುವುದು ಸಹಜ. ಕರುಳು ಸೂಕ್ಷ್ಮವಾಗಿರುವವರಿಗೆ ಇದು ಬಹಳ ಹಿಂಸೆ ಕೊಡಬಹುದು. ಅಂಥವರಿಗೆ ಪ್ರಿಬಯಾಟಿಕ್ ಹಾನಿ ಎನಿಸುವುದು ಯೀಸ್ಟಿನಿಂದಲ್ಲ, ಅನಿಲದಿಂದ.

ಆಯಾಸ, ತಲೆನೋವು, ಮಂಕು ಎಲ್ಲಕ್ಕೂ ಯೀಸ್ಟೇ ಕಾರಣ ಎಂಬ ವಾದವನ್ನು ಅಮೆರಿಕದ ವೈದ್ಯ ವಿಲಿಯಂ ಕ್ರೂಕ್ 1983ರ ತಮ್ಮ ಪುಸ್ತಕದಿಂದ ಪ್ರಚಾರಕ್ಕೆ ತಂದರು. 1990ರಲ್ಲಿ ಇದನ್ನು 42 ಮಹಿಳೆಯರಲ್ಲಿ ಪರೀಕ್ಷಿಸಲಾಯಿತು. ಯೀಸ್ಟ್ ಕೊಲ್ಲುವ ನಿಸ್ಟಾಟಿನ್ ಔಷಧಿ ಗುಪ್ತಾಂಗದ ತೊಂದರೆಯನ್ನು ತಗ್ಗಿಸಿತು. ಆದರೆ ಆಯಾಸ ಮುಂತಾದವುಗಳ ಮಟ್ಟಿಗೆ ಹುಸಿಮಾತ್ರೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಬೆಳಗ್ಗೆ ಎದ್ದು ಲೋಟದ ನೀರಿಗೆ ಉಗುಳಿ, ಎಳೆ ಇಳಿದರೆ ಯೀಸ್ಟ್ ಎನ್ನುವ ಪರೀಕ್ಷೆಗೂ ಆಧಾರವಿಲ್ಲ. ಜೊಲ್ಲಿನ ಲೋಳೆ, ಗಾಳಿಗುಳ್ಳೆಗಳೇ ಅದರ ಏಳುಬೀಳಿಗೆ ಕಾರಣ.

1999ರಲ್ಲಿ ಜರ್ಮನಿಯ ಸಂಶೋಧಕರು ಆರೋಗ್ಯವಂತರಿಗೆ ಹೆಚ್ಚು ಸಕ್ಕರೆ ತಿನ್ನಿಸಿ ನೋಡಿದಾಗಲೂ ಕರುಳಿನ ಕ್ಯಾಂಡಿಡಾ ಅಷ್ಟಾಗಿ ಹೆಚ್ಚಲಿಲ್ಲ. ಮೇವೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. ಕಾವಲು ಮುಖ್ಯ ಎಂಬುದಕ್ಕೆ ಇದೂ ಸಾಕ್ಷಿ.

ವಿದ್ಯಾರ್ಥಿಗಳಿಗೊಂದು ಪ್ರಯೋಗ

ಎರಡು ಬಾಟಲಿಗಳಲ್ಲಿ ಸಮಪ್ರಮಾಣದ ಉಗುರುಬೆಚ್ಚಗಿನ ನೀರು ತೆಗೆದುಕೊಳ್ಳಿ. ಎರಡಕ್ಕೂ ಒಂದೊಂದು ಚಮಚ ಬೇಕರಿಯ ಒಣ ಯೀಸ್ಟ್ ಹಾಕಿ. ಒಂದಕ್ಕೆ ಒಂದು ಚಮಚ ಸಕ್ಕರೆ, ಇನ್ನೊಂದಕ್ಕೆ ಒಂದು ಚಮಚ ಇಸಬಗೋಲಿನ ಹೊಟ್ಟು ಬೆರೆಸಿ ಬಾಯಿಗೆ ಬಲೂನು ಕಟ್ಟಿ. ಸ್ವಲ್ಪ ಹೊತ್ತಿನಲ್ಲಿ ಸಕ್ಕರೆಯ ಬಲೂನು ಚೆನ್ನಾಗಿ ಉಬ್ಬುತ್ತದೆ. ನಾರಿನ ಬಲೂನು ಅಷ್ಟಾಗಿ ಉಬ್ಬದು. ಬೇಕರಿ ಯೀಸ್ಟ್ ಕ್ಯಾಂಡಿಡಾ ಅಲ್ಲ, ಇಸಬಗೋಲು ಇನ್ಯುಲಿನ್ ಅಲ್ಲ ಎಂಬುದು ನೆನಪಿರಲಿ. ಆದರೂ ಕೀಲಿಯಿಲ್ಲದವನಿಗೆ ಬೀಗ ತೆರೆಯದು ಎಂಬ ತತ್ವ ಕಣ್ಣಿಗೆ ಕಾಣುತ್ತದೆ.

ಪೋಷಕರು ಗಮನಿಸಬೇಕಾದ್ದು

ಇನ್ಯುಲಿನ್ ಕೆಲಸ ಮಾಡುವುದು ದೊಡ್ಡ ಕರುಳಿನಲ್ಲಿ. ಬಾಯಿಯ ಅಥವಾ ಗುಪ್ತಾಂಗದ ಸೋಂಕಿಗೆ ಅದು ಮದ್ದಲ್ಲ. ಅಲ್ಲಿಗೆ ವೈದ್ಯರು ಕೊಡುವ ಶಿಲೀಂಧ್ರನಾಶಕವೇ ಬೇಕು. ಸೋಂಕು ಮತ್ತೆ ಮತ್ತೆ ಮರುಕಳಿಸಿದರೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಬೇಕು. ಎಷ್ಟೋ ಮಂದಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಗುವುದೇ ಹೀಗೆ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ‘ಗ್ಲಿಫ್ಲೋಜಿನ್’ ಗುಂಪಿನ ಮಾತ್ರೆಗಳಿಂದಲೂ ಗುಪ್ತಾಂಗದ ಯೀಸ್ಟ್ ಸೋಂಕು ಬರಬಹುದು. ಮಾತ್ರೆಯನ್ನು ತಾವೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಉಬ್ಬಸಕ್ಕೆ ಸ್ಟೀರಾಯ್ಡ್ ಎಳೆದುಕೊಳ್ಳುವ ಮಕ್ಕಳು ಪ್ರತಿ ಬಾರಿಯೂ ಬಾಯಿ ಮುಕ್ಕಳಿಸಬೇಕು. ನೆಗಡಿ ಬಂದಾಗಲೆಲ್ಲ ಉಳಿದ ಆಂಟಿಬಯಾಟಿಕ್ ನುಂಗಿಸುವ ಅಭ್ಯಾಸ ಬಿಡಬೇಕು.

ರೋಗನಿರೋಧಕ ಶಕ್ತಿ ತೀರ ಕುಗ್ಗಿದವರು ಇಂಥ ಪೊಟ್ಟಣಗಳನ್ನು ವೈದ್ಯರನ್ನು ಕೇಳದೆ ಸೇವಿಸಬಾರದು. ಕೆಲವು ಪೊಟ್ಟಣಗಳಲ್ಲಿ ಪ್ರಿಬಯಾಟಿಕ್ ಜೊತೆಗೆ ಸ್ಯಾಕರೊಮೈಸಿಸ್ ಬೌಲಾರ್ಡಿ ಎಂಬ ಜೀವಂತ ಯೀಸ್ಟೇ ಇರುತ್ತದೆ. ಬಲಹೀನ ರೋಗಿಗಳಲ್ಲಿ ಅದು ರಕ್ತಕ್ಕೆ ಸೇರಿದ ನಿದರ್ಶನಗಳಿವೆ. ಮಕ್ಕಳ ಮಿಠಾಯಿಯ ರೂಪದಲ್ಲಿ ಬರುವ ಪ್ರಿಬಯಾಟಿಕ್‌ನಲ್ಲಿ ಎಷ್ಟು ಸಕ್ಕರೆ ಬೆರೆಸಿದ್ದಾರೆಂದು ಚೀಟಿ ಓದುವುದೂ ಅಗತ್ಯ.

ಉಳಿದವರಿಗೆ ಕಾವಲುಗಾರರ ಮೇವು ಊಟದ ತಟ್ಟೆಯಲ್ಲೇ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ, ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಮುದ್ದೆ, ಹುರುಳಿ ಸಾರು, ಅವರೆಕಾಳು, ಬಾಳೆಕಾಯಿ ಪಲ್ಯ, ಒಗ್ಗರಣೆಯ ಈರುಳ್ಳಿ, ಬೆಳ್ಳುಳ್ಳಿ ಇಷ್ಟಿದ್ದರೆ ಬ್ಯಾಕ್ಟೀರಿಯಗಳಿಗೆ ಬಗೆಬಗೆಯ ನಾರು ದೊರೆಯುತ್ತದೆ. ಪುಡಿಯನ್ನೇ ಕೊಳ್ಳಬೇಕೆನಿಸಿದವರು ಅಲ್ಪ ಪ್ರಮಾಣದಿಂದ ಶುರುಮಾಡಿ, ಹೊಟ್ಟೆ ಒಪ್ಪದಿದ್ದರೆ ನಿಲ್ಲಿಸುವುದು ವಿವೇಕ. ಪುಡಿಗೆ ಹೆದರಬೇಕಾಗಿಲ್ಲ, ಅದನ್ನು ನಂಬಿ ವೈದ್ಯರ ಬಳಿ ಹೋಗುವುದನ್ನು ಮುಂದೂಡುವುದಕ್ಕೆ ಮಾತ್ರ ಹೆದರಬೇಕು.