ಗೌಟ್: ನೋವು ನಿಂತ್ರೆ ಸಾಲದು, ಯೂರಿಕ್ ಆಸಿಡ್ 6ರ ಕೆಳಗೆ ಇಳೀಬೇಕು

ಥಾಣೆಯ ವಾಗ್ಳೆ ಎಸ್ಟೇಟ್, ಡೊಂಬಿವಲಿ, ನವಿ ಮುಂಬೈ ಕಡೆ ಫ್ಯಾಕ್ಟರಿ, ಹೋಟೆಲುಗಳಲ್ಲಿ ನಿಂತೇ ದುಡಿಯೋ ನಮ್ಮವರಿಗೆ ಇವತ್ತಿನ ಮಾತು ಬಹಳ ಮುಖ್ಯ.

ಒಬ್ಬರು ಸೆಕೆಂಡ್ ಶಿಫ್ಟ್ ಮುಗಿಸಿ ಬಂದು ಮಲಗಿದ್ದಾರೆ ಅಂದ್ಕೊಳ್ಳಿ. ನಡುರಾತ್ರಿ ಕಾಲಿನ ಹೆಬ್ಬೆರಳ ಬುಡ ಕೆಂಪಾಗಿ ಊದಿಕೊಂಡು ಉರಿಯುತ್ತೆ, ಹೊದಿಕೆ ತಾಗಿದ್ರೂ ಪ್ರಾಣ ಹೋದ ಹಾಗಾಗುತ್ತೆ. ಬೆಳಿಗ್ಗೆ ಮೆಡಿಕಲ್‌ನಿಂದ ನೋವಿನ ಗುಳಿಗೆ ತರ್ತಾರೆ. ವಾರದೊಳಗೆ ಎಲ್ಲ ಸರಿಹೋಗುತ್ತೆ, ಮರೆತೂ ಬಿಡ್ತಾರೆ. ಕೆಲವು ತಿಂಗಳ ಮೇಲೆ ಮತ್ತೆ ಅದೇ ನೋವು, ಮತ್ತೆ ಅದೇ ಗುಳಿಗೆ. ಹೀಗೆ ವರ್ಷಗಟ್ಟಲೆ ನಡೆದ್ರೆ ಕೀಲೂ ಸವೆಯುತ್ತೆ, ನೋವಿನ ಗುಳಿಗೆಯಿಂದ ಕಿಡ್ನಿಗೂ ಪೆಟ್ಟು ಬೀಳಬಹುದು.

ಯಾಕೆ ಹೀಗೆ? ರಕ್ತದ ಯೂರಿಕ್ ಆಸಿಡ್ ಒಂದು ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ದಾಟಿದ್ರೆ ಪೂರ್ತಿ ಕರಗಿ ಉಳಿಯೋದಿಲ್ಲ. ಸೂಜಿಯಂಥ ಹರಳುಗಳಾಗಿ ಕೀಲಿನಲ್ಲಿ ಕೂರುತ್ತೆ. ನೋವು ನಿಂತ ಮೇಲೂ ಹರಳು ಅಲ್ಲೇ ಇರುತ್ತೆ.

ಹಾಗಾಗಿ ಸರಿಯಾದ ಚಿಕಿತ್ಸೆಗೆ ಎರಡು ಭಾಗ. ಮೊದಲನೆಯದು ಉರಿ ಆರಿಸೋದು. ಕಡಿಮೆ ಪ್ರಮಾಣದ ಕಾಲ್ಚಿಸಿನ್, ನೋವು-ಊತದ ಗುಳಿಗೆ ಅಥವಾ ಸ್ಟೀರಾಯ್ಡ್, ಇವುಗಳಲ್ಲಿ ಒಂದು. ನಿಮ್ಮ ಕಿಡ್ನಿ, ಹೊಟ್ಟೆ, ಶುಗರ್ ನೋಡಿ ಡಾಕ್ಟ್ರು ಆರಿಸ್ತಾರೆ. ಜ್ವರವೂ ಇದ್ರೆ ಕಾಯಬೇಡಿ, ಕೀಲಿನೊಳಗೆ ಸೋಂಕು ಇರಬಹುದು.

ಎರಡನೆಯದು ಹರಳು ಕರಗಿಸೋದು. ಹೆಚ್ಚಿನವರು ತಪ್ಪೋದು ಇಲ್ಲೇ. ವರ್ಷಕ್ಕೆ ಎರಡು ಅಥವಾ ಹೆಚ್ಚು ಸಲ ನೋವು ಬಂದ್ರೆ, ಚರ್ಮದಡಿ ಹರಳಿನ ಗಂಟು ಕಂಡ್ರೆ, ಎಕ್ಸ್‌ರೇಯಲ್ಲಿ ಕೀಲು ಹಾಳಾಗಿದ್ರೆ ದಿನನಿತ್ಯದ ಔಷಧ ಬೇಕು ಅಂತ ಅಮೆರಿಕದ ಕೀಲುರೋಗ ತಜ್ಞರ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತೆ. ಮೊದಲ ಆಯ್ಕೆ ಅಲೋಪ್ಯೂರಿನಾಲ್. ದಿನಕ್ಕೆ 100 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಯಿಂದ ಶುರು, ಕಿಡ್ನಿ ತೊಂದರೆ ಇದ್ರೆ ಇನ್ನೂ ಕಡಿಮೆ. ಆಗಾಗ ರಕ್ತಪರೀಕ್ಷೆ ಮಾಡಿಸಿ, ಯೂರಿಕ್ ಆಸಿಡ್ 6ರ ಕೆಳಗೆ ಬರೋ ತನಕ ಡೋಸ್ ಏರಿಸಬೇಕು. ಬಂದ ಮೇಲೂ ಔಷಧ ಮುಂದುವರಿಸಬೇಕು.

ಒಂದು ಎಚ್ಚರಿಕೆ. ಹರಳು ಕರಗೋಕೆ ಶುರುವಾದಾಗ ಮೊದಲ ತಿಂಗಳುಗಳಲ್ಲಿ ನೋವು ಹೆಚ್ಚಾಗಬಹುದು. 'ಈ ಗುಳಿಗೆ ನಂಗೆ ಆಗ್ಬರಲ್ಲ' ಅಂತ ಜನ ಬಿಡೋದು ಆಗಲೇ. ಅದನ್ನ ತಡೆಯೋಕೇ 3ರಿಂದ 6 ತಿಂಗಳು ಜೊತೆಗೆ ಸಣ್ಣ ಡೋಸ್ ಕಾಲ್ಚಿಸಿನ್ ಕೊಡೋದು. ನಡುವೆ ನೋವು ಬಂದ್ರೂ ಅಲೋಪ್ಯೂರಿನಾಲ್ ನಿಲ್ಲಿಸಬೇಡಿ. ಆದ್ರೆ ಮೈಮೇಲೆ ದದ್ದು ಎದ್ರೆ ಮಾತ್ರ ತಕ್ಷಣ ನಿಲ್ಲಿಸಿ ಡಾಕ್ಟ್ರ ಹತ್ರ ಓಡಿ.

ಇಷ್ಟು ತಾಳ್ಮೆಗೆ ಫಲ ಇದೆಯಾ? ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 517 ರೋಗಿಗಳ ಮೇಲೆ ಒಂದು ಅಧ್ಯಯನ ನಡೀತು, 2018ರಲ್ಲಿ ಪ್ರಕಟವಾಯ್ತು. ನರ್ಸುಗಳು ರೋಗ ಏನು ಅಂತ ಕೂರಿಸಿ ವಿವರಿಸಿ, ಡೋಸ್ ಸರಿಮಾಡ್ತಾ ಹೋದ ಗುಂಪಿನಲ್ಲಿ ಎರಡು ವರ್ಷದ ನಂತರ 95% ಜನ ಗುರಿ ಮುಟ್ಟಿದ್ರು. ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಬರೀ 30%. ಎರಡೂ ಕಡೆ ಔಷಧ ಸಿಗ್ತಿತ್ತು, ವ್ಯತ್ಯಾಸ ಮಾಡಿದ್ದು ವಿವರಣೆ ಮತ್ತು ಬೆನ್ನುಹತ್ತಿ ನೋಡಿಕೊಂಡದ್ದು.

ಊಟದ ವಿಷಯ. ಬಿಯರ್, ಲಿವರ್, ಸಕ್ಕರೆಯ ತಂಪು ಪಾನೀಯ ಬಿಡಿ. ಬೂತಾಯಿ, ಬಂಗುಡೆ, ಮಟನ್ ಕಡಿಮೆ ಮಾಡಿ. ಬೇಳೆ ಸಾರಿಗೆ ಹೆದರಬೇಕಿಲ್ಲ. ಆದ್ರೆ ಗೌಟ್ ಕಾಣಿಸಿಕೊಂಡ ಹೆಚ್ಚಿನವರಿಗೆ ಪಥ್ಯ ಒಂದರಿಂದಲೇ 6ರ ಕೆಳಗೆ ಇಳಿಯೋದಿಲ್ಲ. ಇದು ನಾಲಿಗೆ ಚಪಲದ ಶಿಕ್ಷೆ ಅಲ್ಲ, ಕಿಡ್ನಿ ಯೂರಿಕ್ ಆಸಿಡನ್ನ ಸಾಕಷ್ಟು ಹೊರಹಾಕದೆ ಇರೋದೇ ಮುಖ್ಯ ಕಾರಣ. ಇನ್ನೊಂದು, ರಿಪೋರ್ಟಲ್ಲಿ ಸಂಖ್ಯೆ ಹೆಚ್ಚಿದ್ದು ಯಾವತ್ತೂ ಕೀಲುನೋವೇ ಬಂದಿಲ್ಲ ಅಂದ್ರೆ ಸಾಮಾನ್ಯವಾಗಿ ಈ ಔಷಧ ಬೇಕಾಗಲ್ಲ.

ಸಂಬಳದಲ್ಲಿ ಇಎಸ್‌ಐ ಕಡಿತ ಆಗ್ತಿದ್ರೆ ಆ ಕಾರ್ಡ್ ಬಳಸಿ. ಬಿಪಿ ಗುಳಿಗೆಗಳ ಚೀಟಿಯನ್ನೂ ತಗೊಂಡು ಹೋಗಿ, ಅವುಗಳಲ್ಲಿ ಕೆಲವು ಯೂರಿಕ್ ಆಸಿಡ್ ಏರಿಸುತ್ತವೆ. ಡಾಕ್ಟ್ರಿಗೆ ಎರಡೇ ಪ್ರಶ್ನೆ ಕೇಳಿ: 'ನನ್ನ ಯೂರಿಕ್ ಆಸಿಡ್ ಈಗ ಎಷ್ಟಿದೆ? ಮುಂದಿನ ಪರೀಕ್ಷೆ ಯಾವಾಗ?' ಮುಂದಿನ ವಿಡಿಯೋದಲ್ಲಿ ಸಿಗೋಣ.