ಬಣ್ಣದ ನೀರು ಎಲ್ಲಿಗೆ ಹೋಗುತ್ತೆ?



ಚಾಮುಂಡಿ ಬೆಟ್ಟದ ಮೇಲೆ ಬಿದ್ದ ಮಳೆ ಇಳಿದು ಬಂದು ಸುತ್ತಲಿನ ಕೆರೆ ಸೇರುತ್ತದೆ. ನಾವು ತೆರೆದ ಚರಂಡಿಗೆ ಚೆಲ್ಲಿದ ಬಣ್ಣದ ನೀರೂ ಅದೇ ದಾರಿ ಹಿಡಿಯುತ್ತದೆ.

ಮೈಸೂರಿಗೆ ಬಟ್ಟೆ ಕೆಲಸ ಹೊಸದಲ್ಲ. ಇಲ್ಲಿನ ರೇಷ್ಮೆ ನೇಯ್ಗೆ ಕಾರ್ಖಾನೆ 1912ರಲ್ಲೇ ಶುರುವಾಯಿತು. ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಅಂಟು. ಸೋಪು ಹಾಕಿ ಕುದಿಸಿದಾಗ ಅದು ನೀರಿಗೆ ಬಿಡುತ್ತದೆ. ಕೆರೆಯಲ್ಲಿ ಅದು ಕೊಳೆತರೆ ಮೀನಿಗೆ ಉಸಿರಾಡಲು ಗಾಳಿ ಸಾಲದು. ಹತ್ತಿ ಬಟ್ಟೆಯ ಬಣ್ಣಕ್ಕೆ ಉಪ್ಪು ಬೇಕು. ಆ ಉಪ್ಪು ನೀರಲ್ಲೇ ಉಳಿಯುತ್ತದೆ, ಮರಳಲ್ಲಿ ಸೋಸಿದರೂ ಹೋಗದು.

ತಮಿಳುನಾಡಿನ ತಿರುಪ್ಪೂರಿನಲ್ಲಿ ಇಂಥ ನೀರಿನಿಂದ ನೊಯ್ಯಲ್ ನದಿ ಕೆಟ್ಟಿತು. ರೈತರು ಕೋರ್ಟಿಗೆ ಹೋದರು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚಿಸಿತು. ನೀರು ಕೆಟ್ಟರೆ ದುಡಿಮೆಯೂ ಕೆಡುತ್ತದೆ ನೋಡಿ.

ಬಣ್ಣದ ಕೆಲಸ ಮಾಡುವ ಸಂಘಗಳು ಹೀಗೆ ಮಾಡಬಹುದು:

1. ಬಟ್ಟೆ ತೂಗಿ, ಅಷ್ಟಕ್ಕೇ ಬಣ್ಣ, ಉಪ್ಪು ಅಳೆದು ಹಾಕಿ.

2. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಪಾತ್ರೆ ತೊಳೆಯುವ ನೀರು ಉಳಿಯುತ್ತೆ.

3. ಕೊನೆಯ ಸಲ ಜಾಲಿಸಿದ ನೀರನ್ನು ಮುಂದಿನ ಬಟ್ಟೆಯನ್ನು ಮೊದಲು ಜಾಲಿಸಲು ಇಟ್ಟುಕೊಳ್ಳಿ.

4. ಉಳಿದ ನೀರನ್ನು ಬಾವಿ ಹತ್ತಿರ, ಕೈತೋಟಕ್ಕೆ ಸುರಿಯಬೇಡಿ. ಅಗಲವಾದ ಸಿಮೆಂಟ್ ತೊಟ್ಟಿಯಲ್ಲಿ ಬಿಸಿಲಿಗೆ ಆರಲು ಬಿಡಿ. ತಳದ ಗಸಿಯನ್ನು ಏನು ಮಾಡಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಕೇಳಿ.

ಒಂದು ಸೀರೆಗೆ ಎಷ್ಟು ಕೊಡ ನೀರು ಹಿಡಿಯಿತು ಎಂದು ಸಂಘದ ಲೆಕ್ಕದ ಪುಸ್ತಕದಲ್ಲಿ ಬರೆಯೋಣ. ಉಳಿತಾಯ ಹಣದ್ದು ಮಾತ್ರವಲ್ಲ, ನೀರಿನದ್ದೂ ಹೌದು.