ಎಂಟನೆಯ ಕೊಠಡಿಯ ಕೊಳವೆ

ವೈದ್ಯಕೀಯ ರೋಚಕ ಕಾದಂಬರಿ ಎಂದೊಡನೆ ಓದುಗರ ನಾಲಗೆಯ ಮೇಲೆ ಮೊದಲು ಸುಳಿಯುವ ರಾಬಿನ್ ಕುಕ್ ಎಂಬ ಅಮೆರಿಕದ ವೈದ್ಯನು ಆ ಕೀರ್ತಿಗೆ ಪಾತ್ರನಾದುದು, ಸೋತುಹೋದ ತನ್ನದೇ ಪುಸ್ತಕವೊಂದರ ಶವಪರೀಕ್ಷೆಯನ್ನು ತಾನೇ ಕುಳಿತು ನಡೆಸಿದುದರ ಫಲವಾಗಿ. 1940ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯಪದವಿ ಪಡೆದ ಈತನು, ನೌಕಾದಳದ ಸೇವೆಯಲ್ಲಿ ‘ಕಾಮೆಹಾಮೆಹಾ’ ಎಂಬ ಜಲಾಂತರ್ಗಾಮಿಯಲ್ಲಿದ್ದಾಗ, ಹೌಸ್ ಸರ್ಜನ್ ಒಬ್ಬನ ನಿದ್ದೆಗೆಟ್ಟ ವರ್ಷವನ್ನು ಕುರಿತು ಕಥೆಯೊಂದನ್ನು ಬರೆದನು. 1972ರಲ್ಲಿ ‘ದಿ ಇಯರ್ ಆಫ್ ದಿ ಇಂಟರ್ನ್’ ಎಂಬ ಹೆಸರಿನಿಂದ ಹೊರಬಂದ ಆ ಕೃತಿಯು ಆಸ್ಪತ್ರೆಯ ಒಳಬಾಳನ್ನು ಪ್ರಾಮಾಣಿಕವಾಗಿಯೇ ಹೇಳಿತು. ಕೊಳ್ಳುವವರು ಮಾತ್ರ ಸಿಗಲಿಲ್ಲ.

ಬೇರೊಬ್ಬನಾಗಿದ್ದರೆ ಓದುಗರ ಅಭಿರುಚಿಯನ್ನು ಹಳಿದು ಸುಮ್ಮನಾಗುತ್ತಿದ್ದನೇನೋ. ಕುಕ್ಕನಾದರೋ, ಹೇರಳವಾಗಿ ಮಾರಾಟವಾದ ರೋಚಕ ಕಾದಂಬರಿಗಳನ್ನು ರಾಶಿ ಹಾಕಿಕೊಂಡು ಓದಿ, ಲೇಖಕನು ಕುತೂಹಲವನ್ನು ಎಲ್ಲಿ ಕೆರಳಿಸುತ್ತಾನೆ, ಎಲ್ಲಿ ತಡೆಹಿಡಿಯುತ್ತಾನೆ, ಓದುಗನನ್ನು ಯಾವ ಉಪಾಯದಿಂದ ದಾರಿತಪ್ಪಿಸುತ್ತಾನೆ ಎಂಬುದನ್ನೆಲ್ಲ ಸಣ್ಣ ಕಾರ್ಡುಗಳ ಮೇಲೆ ಗುರುತು ಹಾಕಿಕೊಂಡು, ಆ ತಂತ್ರಗಳಷ್ಟನ್ನೂ 1977ರ ‘ಕೋಮಾ’ದಲ್ಲಿ ಪ್ರಯೋಗಿಸಿದನು. ಸಾಹಿತ್ಯದ ಮಡಿವಂತರು ಇದಕ್ಕೆ ಮೂಗು ಮುರಿದಾರು. ಆದರೆ ನಮ್ಮ ಲಾಕ್ಷಣಿಕರು ಮಹಾಕಾವ್ಯಕ್ಕೆ ಅಷ್ಟಾದಶ ವರ್ಣನೆಗಳನ್ನು ವಿಧಿಸಿದುದೂ, ಕವಿಗಳು ಅವನ್ನು ಚಾಚೂ ತಪ್ಪದೆ ನಡೆಸಿಕೊಟ್ಟುದೂ ಇದಕ್ಕಿಂತ ಬಹಳ ದೂರದ ಮಾತೇನಲ್ಲ.

ತಂತ್ರವು ಎರವಲಾದರೂ ಸಾಮಗ್ರಿಯು ಸ್ವಂತದ್ದು. ಬಾಸ್ಟನ್ನಿನ ದೊಡ್ಡ ಆಸ್ಪತ್ರೆಯೊಂದರಲ್ಲಿ, ಅಲ್ಪ ಶಸ್ತ್ರಕ್ರಿಯೆಗೆಂದು ಬಂದ ಆರೋಗ್ಯವಂತ ತರುಣರು ಅರಿವಳಿಕೆಯಿಂದ ಮರಳಿ ಎಚ್ಚರಗೊಳ್ಳುವುದೇ ಇಲ್ಲ. ಕಾರಣವನ್ನರಸಿ ಹೊರಟ ಸೂಸನ್ ವೀಲರ್ ಎಂಬ ವಿದ್ಯಾರ್ಥಿನಿಯು, ಎಂಟನೆಯ ಶಸ್ತ್ರಕ್ರಿಯಾ ಕೊಠಡಿಗೆ ಆಮ್ಲಜನಕವನ್ನೊಯ್ಯುವ ಕೊಳವೆಗೆ ಚಾವಣಿಯ ಮರೆಯಲ್ಲಿ ಯಾರೋ ಕವಾಟವೊಂದನ್ನು ಕೂಡಿಸಿ ಕಾರ್ಬನ್ ಮಾನಾಕ್ಸೈಡನ್ನು ಹಾಯಿಸುತ್ತಿರುವುದನ್ನು ಪತ್ತೆಹಚ್ಚುತ್ತಾಳೆ. ವೈದ್ಯನ ಕೈ ಎದ್ದು ಕಾಣುವುದು ಇಲ್ಲಿಯೇ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಲವಾಗಿ ಅದಕ್ಕೆ ಅಂಟಿಕೊಳ್ಳುವುದು; ಪ್ರಾಣವಾಯು ಸಾಲದ ರಕ್ತವು ಕಪ್ಪಿಡುವುದು ಸಹಜವಾದರೂ, ಈ ವಿಷವೇರಿದ ರಕ್ತವು ಕೆಂಪಾಗಿಯೇ ಉಳಿಯುವುದರಿಂದ, ಮೇಜಿನ ಬಳಿ ನಿಂತ ವೈದ್ಯನಿಗೆ ಶಂಕೆ ಹುಟ್ಟದು.

ಕಾಲವೂ ಅನುಕೂಲವಾಗಿತ್ತು. 1967ರಲ್ಲಿ ಕೇಪ್‌ಟೌನಿನಲ್ಲಿ ಶಸ್ತ್ರವೈದ್ಯ ಬರ್ನಾರ್ಡನು ಹೃದಯವನ್ನು ಕಸಿಮಾಡಿದನು; ಮರುವರ್ಷ ಹಾರ್ವರ್ಡಿನ ಸಮಿತಿಯೊಂದು ಮಿದುಳಿನ ಸಾವಿಗೆ ಲಕ್ಷಣಗಳನ್ನು ಹೇಳಿತು. ಹೃದಯವು ಬಡಿಯುತ್ತಿರುವಾಗಲೇ ಮನುಷ್ಯನನ್ನು ಸತ್ತವನೆನ್ನಬಹುದಾದರೆ, ಆತನ ಅಂಗಾಂಗಗಳಿಗೆ ಬೆಲೆ ಕಟ್ಟುವವರು ಹುಟ್ಟಿಕೊಳ್ಳರೆ ಎಂಬ ಸಂದೇಹವನ್ನು ಕುಕ್ಕನು ಕಥೆಯಾಗಿ ಹೆಣೆದನು. ಮುಂದೆ 1985ರ ‘ಮೈಂಡ್‌ಬೆಂಡ್’ನಲ್ಲಿ ಔಷಧಿ ಕಂಪನಿಗಳನ್ನೂ, 1987ರ ‘ಔಟ್‌ಬ್ರೇಕ್’ನಲ್ಲಿ ಎಬೋಲಾವನ್ನೂ ಹೀಗೆಯೇ ಹಿಡಿದನು. ಪಾತ್ರಗಳು ಮರದ ಬೊಂಬೆಗಳೆಂಬ ಆಕ್ಷೇಪವು ಸುಳ್ಳಲ್ಲ. ಸಂಭಾಷಣೆಯಂತೂ ಹಲವೆಡೆ ಪಾಠವಾಗಿಬಿಡುವುದು.

‘ಕೋಮಾ’ವನ್ನು 1978ರಲ್ಲಿ ಚಲನಚಿತ್ರವಾಗಿ ನಿರ್ದೇಶಿಸಿದ ಮೈಕೇಲ್ ಕ್ರೈಟನ್ನನೂ ವೈದ್ಯವಿದ್ಯೆ ಕಲಿತವನೇ; ಓದುವಾಗಲೇ ಗುಪ್ತನಾಮದಲ್ಲಿ ರೋಚಕ ಕಥೆಗಳನ್ನು ಬರೆದು ಶುಲ್ಕ ತೆತ್ತ ಆತನು, 1969ರಲ್ಲಿ ಪದವಿ ಕೈಸೇರಿದ ಮೇಲೆ ವೃತ್ತಿಯತ್ತ ತಿರುಗಿಯೂ ನೋಡಲಿಲ್ಲ. ಕುಕ್ಕನಿಗೆ ಆ ನಿಷ್ಠುರತೆ ಇರಲಿಲ್ಲ. ಕಾದಂಬರಿಗಳು ಲಕ್ಷಗಟ್ಟಲೆ ಖರ್ಚಾಗುತ್ತಿದ್ದ ಕಾಲದಲ್ಲಿಯೂ, ಲೇಖಕನು ಬಾಸ್ಟನ್ನಿನ ಕಣ್ಣಿನ ಆಸ್ಪತ್ರೆಯಿಂದ ಸದ್ಯಕ್ಕೆ ರಜೆಯ ಮೇಲಿರುವ ವೈದ್ಯನೆಂದೇ ಅವುಗಳಲ್ಲಿ ಪರಿಚಯವು ಅಚ್ಚಾಗುತ್ತಿತ್ತು.